ಮೊದಲು ನಕಲು, ಆಮೇಲೆ ರಿಪೇರಿ

ಬೆಂಗಳೂರಿನಿಂದ ಯಲಹಂಕ, ರಾಜಾನುಕುಂಟೆ ದಾಟಿ ದೊಡ್ಡಬಳ್ಳಾಪುರದ ಕಡೆ ಹೊರಟವರಿಗೆ ಊರು ಮುಟ್ಟುವ ಮೊದಲೇ ಬಾಶೆಟ್ಟಿಹಳ್ಳಿ ಸಿಗುತ್ತದೆ. ಈಗ ಅದು ಪಟ್ಟಣ ಪಂಚಾಯಿತಿ. ಸುತ್ತಲೂ ಕೈಗಾರಿಕಾ ಪ್ರದೇಶ, ಅಪೆರಲ್ ಪಾರ್ಕ್, ಶಿಫ್ಟು ಬದಲಾಗುವ ಹೊತ್ತಿಗೆ ರಸ್ತೆ ತುಂಬ ಕಾರ್ಖಾನೆ ಬಸ್ಸುಗಳು. ಇಲ್ಲಿನ ಶೆಡ್ಡುಗಳ ಆಫೀಸು ಕೋಣೆಗಳಲ್ಲಿ ಹಳೆಯದೊಂದು ಕಂಪ್ಯೂಟರ್ ಇದ್ದೇ ಇರುತ್ತದೆ. ಹಾಜರಿ, ಸಂಬಳದ ಪಟ್ಟಿ, ಟ್ಯಾಲಿ ಲೆಕ್ಕ, ಜಿಎಸ್‌ಟಿ ಬಿಲ್ಲು ಎಲ್ಲ ಅದರಲ್ಲೇ. ಇನ್ನೆರಡು ಹೆಜ್ಜೆ ಮುಂದೆ ದೊಡ್ಡಬಳ್ಳಾಪುರದ ಪವರ್‌ಲೂಮ್ ಮನೆಗಳಿಗೆ ಹೋದರೆ ಅಂಥದೇ ಕಂಪ್ಯೂಟರಿನಲ್ಲಿ ಸೀರೆಯ ಅಂಚು, ಸೆರಗು, ಬುಟ್ಟಾಗಳ ಡಿಸೈನು ಕೂತಿರುತ್ತವೆ.

ಒಂದು ಕಾಲಕ್ಕೆ ಆ ಡಿಸೈನು ಗ್ರಾಫ್ ಹಾಳೆಯ ಮೇಲೆ ಮೂಡಿ, ಅಲ್ಲಿಂದ ತೂತು ಹೊಡೆದ ರಟ್ಟಿನ ಕಾರ್ಡುಗಳಿಗೆ ಇಳಿಯುತ್ತಿತ್ತು. ಫ್ರಾನ್ಸಿನ ಲಿಯಾನ್ ನಗರದ ಜೋಸೆಫ್ ಮೇರಿ ಜಕಾರ್ಡ್ 1804ರ ಸುಮಾರಿಗೆ ರೂಪಿಸಿದ ವ್ಯವಸ್ಥೆ ಅದು. ತೂತಿದ್ದರೆ ಒಂದು, ಇಲ್ಲದಿದ್ದರೆ ಇನ್ನೊಂದು. ಈ ಕಾರ್ಡುಗಳೇ ಮುಂದೆ ಕಂಪ್ಯೂಟರಿಗೆ ಮಾಹಿತಿ ಉಣಿಸುವ ಪಂಚ್ ಕಾರ್ಡುಗಳಿಗೂ ದಾರಿ ತೋರಿಸಿದವು. ಮಗ್ಗದ ಮೇಲಿನ ಸರಮಾಲೆಯಲ್ಲಿ ಒಂದು ಕಾರ್ಡು ಹರಿದರೆ ಆ ಒಂದನ್ನು ಹೊಸದಾಗಿ ಹೊಡೆದು ಸೇರಿಸಿದರೆ ಆಗಿತ್ತು. ಎಲೆಕ್ಟ್ರಾನಿಕ್ ಜಕಾರ್ಡ್ ಬಂದ ಮೇಲೆ ಡಿಸೈನು ಕಂಪ್ಯೂಟರಿನಲ್ಲಿ ಹುಟ್ಟಿ ಪೆನ್‌ಡ್ರೈವ್ ಮೂಲಕ ಮಗ್ಗಕ್ಕೆ ಹೋಗುತ್ತದೆ. ಕೆಲಸ ಸಲೀಸಾಯಿತು. ಆದರೆ ಹತ್ತು ಹದಿನೈದು ವರ್ಷಗಳ ಡಿಸೈನು ಒಂದೇ ಹಾರ್ಡ್ ಡಿಸ್ಕಿನೊಳಗೆ ಸೇರಿಕೊಂಡವು.

ಆ ಡಿಸ್ಕು ಕೆಡುವ ಮೊದಲು ಎಷ್ಟೋ ಸಲ ಸೂಚನೆ ಕೊಡುತ್ತದೆ. ಬೆಳಿಗ್ಗೆ ಆನ್ ಮಾಡಿದ ಕಂಪ್ಯೂಟರ್ ಪರದೆ ತೋರಿಸಲು ಹತ್ತು ನಿಮಿಷ ತೆಗೆದುಕೊಳ್ಳುತ್ತದೆ. ಒಂದು ಫೋಲ್ಡರ್ ತೆರೆದರೆ ಎಲ್ಲ ನಿಂತುಬಿಡುತ್ತದೆ. ಆಗ ಸಾಮಾನ್ಯವಾಗಿ ಕೇಳಿಬರುವ ಮಾತು: “ಅಣ್ಣ, ಸಿಸ್ಟಂ ಸ್ಲೋ ಆಗೈತೆ, ಫಾರ್ಮ್ಯಾಟ್ ಹೊಡೆದುಬಿಡಲಾ?” ಇನ್ನೂ ಸ್ವಲ್ಪ ತಿಳಿದವರಾದರೆ ವಿಂಡೋಸಿನ ಚೆಕ್‌ಡಿಸ್ಕ್ ಓಡಿಸುತ್ತಾರೆ. ಎರಡೂ ಅಪಾಯ. ಚೆಕ್‌ಡಿಸ್ಕ್ ಆಗಲಿ ಲಿನಕ್ಸಿನ ಎಫ್‌ಎಸ್‌ಸಿಕೆ ಆಗಲಿ ಇರುವುದು ಆರೋಗ್ಯವಾಗಿರುವ ಡಿಸ್ಕಿನ ಮೇಲಿನ ಫೈಲುಗಳ ಗೋಜಲಾದ ಪಟ್ಟಿಯನ್ನು ಸರಿಪಡಿಸಲು. ಡಿಸ್ಕೇ ಕೆಟ್ಟಿದ್ದಾಗ ಅವು ಓದಲಾಗದ ಜಾಗವನ್ನು ಮತ್ತೆ ಮತ್ತೆ ಕೆದಕುತ್ತವೆ, ಅರ್ಥವಾಗದ್ದನ್ನು ಅಳಿಸಿ ಬರೆಯುತ್ತವೆ. ಕೆಡುತ್ತಿರುವ ಡಿಸ್ಕಿಗೆ ಇನ್ನೆಷ್ಟು ಗಂಟೆ ತಿರುಗುವ ಶಕ್ತಿ ಉಳಿದಿದೆಯೋ ಯಾರಿಗೂ ಗೊತ್ತಿರುವುದಿಲ್ಲ. ಉಳಿದಿರುವಷ್ಟನ್ನೂ ನಕಲು ತೆಗೆಯುವುದಕ್ಕೇ ಖರ್ಚು ಮಾಡಬೇಕು. ರಿಪೇರಿ ಏನಿದ್ದರೂ ಆ ನಕಲಿನ ಮೇಲೆ. ಹೀಗೆ ಮೊದಲು ನಕಲು ತೆಗೆಯುವ ಸಾಧನಗಳು ಇರುವುದರಿಂದಲೇ ಲಿನಕ್ಸ್ ಕಾರ್ಯಾಚರಣೆ ವ್ಯವಸ್ಥೆ ಈ ಕೆಲಸಕ್ಕೆ ಒದಗುತ್ತದೆ.

ಡಿಸ್ಕಿನ ಒಳಗನ್ನು ಒಮ್ಮೆ ನೆನೆದರೆ ಈ ಎಚ್ಚರಿಕೆ ಯಾಕೆಂದು ತಿಳಿಯುತ್ತದೆ. 1956ರಲ್ಲಿ ಐಬಿಎಂ ಹೊರತಂದ ಮೊದಲ ಹಾರ್ಡ್ ಡಿಸ್ಕಿನಲ್ಲಿ 24 ಇಂಚು ಅಗಲದ 50 ತಟ್ಟೆಗಳಿದ್ದವು; ಒಟ್ಟು ಹಿಡಿಸುತ್ತಿದ್ದದ್ದು 50 ಲಕ್ಷ ಅಕ್ಷರ. ಇಂದು ಅಂಗೈಯಗಲದ ಡಬ್ಬಿಯಲ್ಲಿ 1 ಟೆರಾಬೈಟ್, ಅಂದರೆ 512 ಬೈಟಿನ 195 ಕೋಟಿಗೂ ಹೆಚ್ಚು ತುಣುಕುಗಳು, ಅಂದರೆ ಸೆಕ್ಟರುಗಳು. ತಟ್ಟೆಗಳು ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುತ್ತವೆ. ಓದುವ ಹೆಡ್ಡು ತಟ್ಟೆಯನ್ನು ಮುಟ್ಟುವುದಿಲ್ಲ, ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ತೇಲುತ್ತಿರುತ್ತದೆ. ಹೆಡ್ಡು ತಟ್ಟೆಗೆ ತಾಗಿದರೆ ಕಾಂತೀಯ ಲೇಪ ಕಿತ್ತುಬರುತ್ತದೆ. ಕಿತ್ತ ಪುಡಿ ಒಳಗೇ ಸುತ್ತುತ್ತ ಇನ್ನಷ್ಟು ಗೀರುಗಳನ್ನು ಮಾಡುತ್ತದೆ.

ಸದ್ದು, ಅದುರುವಿಕೆಗಳೂ ಡಿಸ್ಕಿಗೆ ಆಗಿಬರುವುದಿಲ್ಲ. 2008ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಕಂಪನಿಯ ಎಂಜಿನಿಯರ್ ಬ್ರೆಂಡನ್ ಗ್ರೆಗ್ ಡಿಸ್ಕುಗಳ ಸಾಲಿನ ಮುಂದೆ ಬಗ್ಗಿ ಗಟ್ಟಿಯಾಗಿ ಕೂಗಿದರು. ಅವರು ಕೂಗಿದ ಕ್ಷಣಕ್ಕೆ ಸರಿಯಾಗಿ ಡಿಸ್ಕುಗಳು ಉತ್ತರಿಸುವ ಸಮಯ ಏರಿದ್ದು ಪರದೆಯ ಮೇಲಿನ ನಕ್ಷೆಯಲ್ಲಿ ಕಂಡಿತು. 2016ರ ಸೆಪ್ಟೆಂಬರ್‌ನಲ್ಲಿ ರೊಮೇನಿಯಾದ ಬುಕಾರೆಸ್ಟ್‌ನಲ್ಲಿ ಐಎನ್‌ಜಿ ಬ್ಯಾಂಕಿನ ಡೇಟಾ ಸೆಂಟರ್ ಬೆಂಕಿ ನಂದಿಸುವ ಅನಿಲದ ಪರೀಕ್ಷೆ ನಡೆಸಿದಾಗ ಅನಿಲ ನುಗ್ಗಿದ ಸದ್ದಿಗೇ ಡಿಸ್ಕುಗಳು ಹಾಳಾಗಿ ಬ್ಯಾಂಕಿನ ಸೇವೆ ಗಂಟೆಗಟ್ಟಲೆ ನಿಂತುಹೋಗಿತ್ತು. ಮಗ್ಗಗಳು ಓಡುವ ಕೋಣೆಯಲ್ಲೇ, ಅದೇ ನೆಲದ ಮೇಲೆ, ಡಿಸೈನು ಕಂಪ್ಯೂಟರನ್ನೂ ಇಟ್ಟುಕೊಂಡವರು ಅದನ್ನು ಗೋಡೆಯಾಚೆಯ ಕೋಣೆಗೆ ಸಾಗಿಸುವುದು ಒಳ್ಳೆಯದು.

ಡಿಸ್ಕಿನ ಸ್ಥಿತಿ ತಿಳಿಯಲು ಅದರೊಳಗೇ ಸ್ಮಾರ್ಟ್ ಎಂಬ ದಾಖಲೆ ಪುಸ್ತಕವಿದೆ. ಅದನ್ನು ಲಿನಕ್ಸಿನಲ್ಲಿ ಓದುವ ಸಾಧನದ ಹೆಸರು ಸ್ಮಾರ್ಟ್‌ಮಾನ್‌ಟೂಲ್ಸ್. ಅದರ ಹುಟ್ಟು ಕುತೂಹಲಕರ. ಅದನ್ನು 2002ರಲ್ಲಿ ಶುರು ಮಾಡಿದ ಬ್ರೂಸ್ ಅಲೆನ್ ಭೌತವಿಜ್ಞಾನಿ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಮಿಲ್ವಾಕಿ ಕೇಂದ್ರದಲ್ಲಿ ಗುರುತ್ವ ಅಲೆಗಳ ಹುಡುಕಾಟಕ್ಕಾಗಿ ನೂರಾರು ಲಿನಕ್ಸ್ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದರು. ಯಾವ ಡಿಸ್ಕು ಯಾವಾಗ ಕೈಕೊಡುತ್ತದೆ ಎಂದು ಮೊದಲೇ ತಿಳಿಯಬೇಕಿತ್ತು. ಮುಂದೆ ಅವರು ನಿರ್ದೇಶಕರಾಗಿದ್ದ ಜರ್ಮನಿಯ ಹ್ಯಾನೋವರ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯಲ್ಲೇ 2015ರ ಸೆಪ್ಟೆಂಬರ್ 14ರಂದು ಮೊದಲ ಗುರುತ್ವ ಅಲೆಯ ಸಂಕೇತ ವಿಜ್ಞಾನಿಗಳ ಕಣ್ಣಿಗೆ ಬಿತ್ತು. ಆಕಾಶ ನೋಡಲು ಹೊರಟವರು ಮಾಡಿಕೊಂಡ ಸಾಧನ ಇಂದು ಗಾರ್ಮೆಂಟ್ ಫ್ಯಾಕ್ಟರಿಯ ಲೆಕ್ಕದ ಕಂಪ್ಯೂಟರಿಗೂ ಪುಕ್ಕಟೆಯಾಗಿ ಸಿಗುತ್ತದೆ.

ಸ್ಮಾರ್ಟ್ ಪಟ್ಟಿಯಲ್ಲಿ ಹತ್ತಾರು ಸಾಲುಗಳಿರುತ್ತವೆ. ಸಾಮಾನ್ಯರು 5, 197, 198 ಎಂಬ ಮೂರು ಸಾಲು ನೋಡಿದರೆ ಸಾಕು. 5ನೆಯದು ಕೆಟ್ಟು ಬೇರೆ ಜಾಗಕ್ಕೆ ಬದಲಾಯಿಸಿದ ಸೆಕ್ಟರುಗಳ ಲೆಕ್ಕ; 197 ಓದಲಾಗದೆ ಇತ್ಯರ್ಥಕ್ಕೆ ಕಾದಿರುವವು; 198 ಸರಿಪಡಿಸಲಾಗದವು. ಸೊನ್ನೆ ಇರಬೇಕಾದಲ್ಲಿ ಅಂಕಿ ಬಂದು, ಅದು ನಿನ್ನೆಗಿಂತ ಇಂದು ಹೆಚ್ಚಾಗಿದ್ದರೆ ಕಂಪ್ಯೂಟರ್ ಆಫ್ ಮಾಡಿ ಹೊಸ ಡಿಸ್ಕು ತರಲು ಹೊರಡಬೇಕು. ಗೂಗಲ್ ಕಂಪನಿ ತನ್ನ 1 ಲಕ್ಷಕ್ಕೂ ಹೆಚ್ಚು ಡಿಸ್ಕುಗಳನ್ನು ಗಮನಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮೇಲ್ಮೈ ತಪಾಸಣೆಯಲ್ಲಿ ಮೊದಲ ದೋಷ (ಸ್ಕ್ಯಾನ್ ದೋಷ) ಕಂಡ ಡಿಸ್ಕು ಮುಂದಿನ 60 ದಿನಗಳಲ್ಲಿ ಕೆಡುವ ಸಂಭವ ದೋಷವಿಲ್ಲದ ಡಿಸ್ಕಿಗಿಂತ 39 ಪಟ್ಟು ಹೆಚ್ಚು. ಅದೇ ಅಧ್ಯಯನದ ಇನ್ನೊಂದು ಮಾತನ್ನೂ ಮರೆಯಬಾರದು: ಕೆಟ್ಟ ಡಿಸ್ಕುಗಳಲ್ಲಿ ಶೇ 56ರಷ್ಟು ಮುಖ್ಯವಾದ ನಾಲ್ಕು ಸ್ಮಾರ್ಟ್ ಸೂಚನೆಗಳಲ್ಲಿ ಒಂದನ್ನೂ ಕೊಡದೆಯೇ ಕೆಟ್ಟಿದ್ದವು. ಪಟ್ಟಿ ಶುದ್ಧವಾಗಿದೆ ಎಂದು ನಿಶ್ಚಿಂತೆಯಿಂದ ಇರುವಂತಿಲ್ಲ.

ಇನ್ನು ನಕಲು ತೆಗೆಯುವ ಬಗೆ. ಫೈಲುಗಳನ್ನು ಆರಿಸಿ ಕಾಪಿ, ಪೇಸ್ಟ್ ಮಾಡುವುದು ಎಲ್ಲರಿಗೂ ತೋಚುವ ದಾರಿ. ಕೆಟ್ಟ ಡಿಸ್ಕಿನಲ್ಲಿ ಅದು ದುಬಾರಿ ದಾರಿ. ಒಂದೊಂದು ಫೈಲಿಗೂ ಹೆಡ್ಡು ತಟ್ಟೆಯ ಉದ್ದಗಲಕ್ಕೆ ಓಡಾಡಬೇಕು. ಓದಲಾಗದ ಒಂದು ಫೈಲು ಎದುರಾದರೆ ಇಡೀ ಕೆಲಸ ಅಲ್ಲಿಗೇ ನಿಲ್ಲುತ್ತದೆ. ಯೂನಿಕ್ಸ್ ಕಾಲದಿಂದಲೂ ಇರುವ ಡಿಡಿ ಎಂಬ ಆಜ್ಞೆ ಡಿಸ್ಕನ್ನು ಮೊದಲ ಸೆಕ್ಟರಿನಿಂದ ಕೊನೆಯವರೆಗೆ ನೇರವಾಗಿ ನಕಲಿಸುತ್ತದಾದರೂ ಮೊದಲ ದೋಷಕ್ಕೇ ಅದೂ ಕೈಚೆಲ್ಲುತ್ತದೆ.

ಈ ಕೊರತೆ ತುಂಬಲು ಆಂಟೋನಿಯೊ ಡಿಯಾಸ್ ಡಿಯಾಸ್ ಎಂಬವರು 2004ರಲ್ಲಿ ಗ್ನು ಡಿಡಿರೆಸ್ಕ್ಯೂ ಬಿಡುಗಡೆ ಮಾಡಿದರು. ರಾಗಿ ಕೊಯ್ದು ಸಾಗಿಸಿದ ಮೇಲೆ ಹೊಲದಲ್ಲಿ ಉಳಿದ ತೆನೆಗಳ ಹಕ್ಕಲು ಆಯುವಂತೆ ಇದರ ಕೆಲಸ. ಮೊದಲ ಸುತ್ತಿನಲ್ಲಿ ಸಲೀಸಾಗಿ ಓದಲು ಸಿಗುವುದನ್ನೆಲ್ಲ ವೇಗವಾಗಿ ಬಾಚಿಕೊಳ್ಳುತ್ತದೆ. ಎಲ್ಲಾದರೂ ಓದುವುದು ತಡೆದರೆ ಅಲ್ಲಿ ಹಟ ಹಿಡಿಯದೆ ಒಂದಷ್ಟು ಜಾಗ ಹಾರಿ ಮುಂದಕ್ಕೆ ಹೋಗುತ್ತದೆ. ಮುಂದಿನ ಸುತ್ತಿನಲ್ಲಿ ಕೊನೆಯಿಂದ ಮೊದಲಿನ ಕಡೆಗೆ ಓದಿಕೊಂಡು ಬರುತ್ತದೆ. ಆಮೇಲೆ ಬಿಟ್ಟ ಜಾಗಗಳ ಅಂಚುಗಳನ್ನು ಎರಡೂ ಕಡೆಯಿಂದ ಸವರುತ್ತದೆ, ಒಳಗೆ ಉಳಿದದ್ದನ್ನು ಒಂದೊಂದೇ ಸೆಕ್ಟರ್ ಆಗಿ ಕೆರೆದು ತೆಗೆಯುತ್ತದೆ. ಕಡೆಗೂ ಬಗ್ಗದವನ್ನು ಹೇಳಿದಷ್ಟು ಸಲ ಮತ್ತೆ ಪ್ರಯತ್ನಿಸುತ್ತದೆ. ಡಿಸ್ಕು ಮಧ್ಯದಲ್ಲಿ ಸತ್ತರೂ ಅಷ್ಟರೊಳಗೆ ಹೆಚ್ಚಿನ ಪಾಲು ಹೊರಗೆ ಬಂದಿರಲಿ ಎಂಬುದೇ ಈ ಕ್ರಮದ ಹಿಂದಿನ ಯೋಚನೆ.

ಕೆಲಸಕ್ಕೆ ಬೇಕಾದ ಸಾಮಗ್ರಿ ಹೆಚ್ಚೇನಿಲ್ಲ. ಕೆಟ್ಟ ಡಿಸ್ಕಿಗಿಂತ ದೊಡ್ಡದಾದ ಇನ್ನೊಂದು ಡಿಸ್ಕು ಬೇಕು. ಅದು ಎಫ್‌ಎಟಿ32 ವಿಧಾನದಲ್ಲಿ ಫಾರ್ಮ್ಯಾಟ್ ಆಗಿರಬಾರದು. ಅದರಲ್ಲಿ ಒಂದು ಫೈಲು 4 ಗಿಗಾಬೈಟ್ ಮೀರುವಂತಿಲ್ಲ, ಡಿಸ್ಕಿನ ನಕಲೋ ನೂರಾರು ಗಿಗಾಬೈಟಿನ ಒಂದೇ ಫೈಲು. ಪೆನ್‌ಡ್ರೈವಿನಿಂದಲೇ ನಡೆಯುವ ಲಿನಕ್ಸ್ ಬೇಕು: ಉಬುಂಟು ಆಗಬಹುದು, ರಕ್ಷಣಾ ಕೆಲಸಕ್ಕೆಂದೇ ಇರುವ ಸಿಸ್ಟಂರೆಸ್ಕ್ಯೂ ಇನ್ನೂ ಅನುಕೂಲ. ಉಬುಂಟುವಿನಲ್ಲಿ ಡಿಡಿರೆಸ್ಕ್ಯೂ ಬೇಕೆಂದರೆ ‘ಜಿಡಿಡಿರೆಸ್ಕ್ಯೂ’ ಎಂಬ ಹೆಸರಿನಲ್ಲಿ ಅನುಸ್ಥಾಪಿಸಬೇಕು. ಕೆಟ್ಟ ಡಿಸ್ಕನ್ನು ಯುಎಸ್‌ಬಿ ಡಬ್ಬಿಯ ಬದಲು ನೇರವಾಗಿ ಮದರ್‌ಬೋರ್ಡಿನ ಸಾಟಾ ಕೇಬಲ್ಲಿಗೆ ಜೋಡಿಸಿದರೆ ದೋಷಗಳು ಸರಿಯಾಗಿ ವರದಿಯಾಗುತ್ತವೆ. ಡಿಸ್ಕು ಕಂಡ ಕೂಡಲೇ ತಾನಾಗಿ ತೆರೆದುಕೊಳ್ಳುವ ಆಟೊಮೌಂಟ್ ಸೌಲಭ್ಯವನ್ನು ಮೊದಲೇ ನಿಲ್ಲಿಸಿರಬೇಕು, ಏಕೆಂದರೆ ಹಾಗೆ ತೆರೆಯುವಾಗಲೇ ಡಿಸ್ಕಿನ ಮೇಲೆ ಬರವಣಿಗೆ ನಡೆಯಬಹುದು.

ಅತ್ಯಂತ ಎಚ್ಚರ ಬೇಕಾದ ಘಳಿಗೆ ಆಜ್ಞೆ ಕೊಡುವಾಗಿನದು. ಎಲ್ಲಿಂದ, ಎಲ್ಲಿಗೆ, ಎಷ್ಟು ಕೆಲಸವಾಯಿತೆಂದು ಗುರುತಿಟ್ಟುಕೊಳ್ಳುವ ನಕ್ಷೆಯ ಫೈಲು ಯಾವುದು ಎಂಬ ಮೂರನ್ನು ಇದೇ ಕ್ರಮದಲ್ಲಿ ಕೊಡಬೇಕು. ಲಿನಕ್ಸ್ ಡಿಸ್ಕುಗಳನ್ನು ಎಸ್‌ಡಿಎ, ಎಸ್‌ಡಿಬಿ, ಎಸ್‌ಡಿಸಿ ಎಂದು ಕರೆಯುತ್ತದೆ. ಇವತ್ತು ಎಸ್‌ಡಿಬಿ ಆಗಿದ್ದದ್ದು ನಾಳೆ ಎಸ್‌ಡಿಸಿ ಆಗಬಹುದು. ಡಿಸ್ಕಿನಿಂದ ಡಿಸ್ಕಿಗೇ ನಕಲಿಸುವಾಗ ಈ ಹೆಸರು ಅದಲುಬದಲಾದರೆ ಖಾಲಿ ಡಿಸ್ಕಿನ ನಕಲು ತುಂಬಿದ ಡಿಸ್ಕಿನ ಮೇಲೆ ಬಂದು ಕೂರುತ್ತದೆ, ಆಮೇಲೆ ಯಾರೂ ಏನೂ ಮಾಡಲಾಗದು. ಎಲ್‌ಎಸ್‌ಬಿಎಲ್‌ಕೆ ಎಂಬ ಆಜ್ಞೆಯಿಂದ ಪ್ರತಿ ಡಿಸ್ಕಿನ ಗಾತ್ರ, ಮಾಡೆಲ್, ಸೀರಿಯಲ್ ನಂಬರ್ ತರಿಸಿಕೊಂಡು, ಡಿಸ್ಕಿನ ಮೈಮೇಲಿನ ಚೀಟಿಯಲ್ಲಿ ಅಚ್ಚಾಗಿರುವ ನಂಬರಿನೊಡನೆ ಒಂದೊಂದೇ ಅಕ್ಷರ ಹೋಲಿಸಿ ನೋಡಿದ ಮೇಲಷ್ಟೇ ಎಂಟರ್ ಒತ್ತಬೇಕು.

ಒತ್ತಿದ ಮೇಲೆ ಪರದೆಯಲ್ಲಿ ಏಳೆಂಟು ಸಾಲು ಮಿನುಗಲು ಶುರುವಾಗುತ್ತವೆ. ಎಷ್ಟು ಬಂತು, ಶೇಕಡಾ ಎಷ್ಟು, ಕೆಟ್ಟ ಜಾಗಗಳೆಷ್ಟು, ಇನ್ನೆಷ್ಟು ಹೊತ್ತು. ಕೆಳಗಿನ ಸಾಲೊಂದರಲ್ಲಿ, ಕೊನೆಯ ಸಲ ಯಶಸ್ವಿಯಾಗಿ ಓದಿ ಎಷ್ಟು ಹೊತ್ತಾಯಿತು ಎಂಬ ಲೆಕ್ಕ. ಆರೋಗ್ಯವಂತ 1 ಟೆರಾಬೈಟ್ ಡಿಸ್ಕು ಸೆಕೆಂಡಿಗೆ 100 ಮೆಗಾಬೈಟ್ ವೇಗದಲ್ಲಿ ಮೂರು ಗಂಟೆಯೊಳಗೆ ಮುಗಿಯುತ್ತದೆ. ಕೆಟ್ಟ ಜಾಗ ಬಂದಾಗ ಡಿಸ್ಕಿನ ಸ್ವಂತ ಮಿದುಳೇ ಒಂದು ಸೆಕ್ಟರಿಗಾಗಿ ಹಲವು ಸೆಕೆಂಡು ಹೆಣಗಾಡುತ್ತದೆ. ಆಗ ದಿನಗಟ್ಟಲೆ ಆಗುವುದೂ ಉಂಟು. ನಡುವೆ ಕರೆಂಟು ಹೋದರೂ ಮೊದಲಿನಿಂದ ಶುರು ಮಾಡಬೇಕಿಲ್ಲ. ನಕ್ಷೆಯ ಫೈಲಿನಲ್ಲಿ ಬಂದ ಜಾಗಕ್ಕೆ +, ಕೆಟ್ಟದ್ದಕ್ಕೆ -, ಇನ್ನೂ ಮುಟ್ಟದ್ದಕ್ಕೆ ? ಎಂದು ಗುರುತು ಹಾಕಿರುತ್ತದೆ. ಅದೇ ಆಜ್ಞೆಯನ್ನು ಮತ್ತೆ ಕೊಟ್ಟರೆ ಬಿಟ್ಟಲ್ಲಿಂದ ಹಿಡಿಯುತ್ತದೆ. ಈ ಪುಟ್ಟ ಪಠ್ಯ ಫೈಲನ್ನು ಕಳೆದುಕೊಂಡರೆ ಪಟ್ಟ ಪಾಡಿನ ಅರ್ಧ ಹೋದಂತೆಯೇ.

ಇದೇ ನಕ್ಷೆಯಿಂದ ಇನ್ನೊಂದು ಉಪಯೋಗವಿದೆ. ಮದುವೆಯ ಸಿ.ಡಿ.ಯ ಮೂರು ಪ್ರತಿಗಳು ಮೂವರು ನೆಂಟರ ಮನೆಯಲ್ಲಿದ್ದು ಮೂರೂ ಗೀಚಿಹೋಗಿವೆ ಎನ್ನೋಣ. ಮೂರೂ ತದ್ರೂಪು ಪ್ರತಿಗಳಾಗಿದ್ದರೆ ಒಂದೇ ನಕ್ಷೆ ಇಟ್ಟುಕೊಂಡು ಒಂದಾದ ಮೇಲೊಂದು ಓದಿಸಬಹುದು. ಮೂರರಲ್ಲೂ ಅದೇ ಜಾಗ ಹಾಳಾಗಿರುವುದು ಅಪರೂಪ. ಒಂದರಲ್ಲಿ ಬಾರದ್ದು ಇನ್ನೊಂದರಿಂದ ಬರುತ್ತದೆ.

ಶೇ 99.99 ಬಂತು ಎಂದರೆ ಹಿಗ್ಗಾಗುವುದು ಸಹಜ. ಆದರೆ 1 ಟೆರಾಬೈಟಿನಲ್ಲಿ ಉಳಿದ ಶೇ 0.01 ಎಂದರೆ 100 ಮೆಗಾಬೈಟ್. ಅದು ಖಾಲಿ ಜಾಗವಾಗಿದ್ದರೆ ನಷ್ಟವೇ ಇಲ್ಲ, ಟ್ಯಾಲಿ ಡೇಟಾ ಆಗಿದ್ದರೆ ದೊಡ್ಡ ನಷ್ಟ. ಯಾವ ಫೈಲು ಗಾಯಗೊಂಡಿದೆ ಎಂದು ಕಂಡುಹಿಡಿಯಲು ಡಿಡಿರೆಸ್ಕ್ಯೂನಲ್ಲಿ ಜಾಣ ಉಪಾಯವಿದೆ. ನಕಲಿನಲ್ಲಿ ಕೆಟ್ಟ ಸೆಕ್ಟರುಗಳಿರುವ ಜಾಗವನ್ನೆಲ್ಲ, ಬೇರೆಲ್ಲೂ ಬರಲಾರದ ವಿಚಿತ್ರ ಪದವೊಂದರಿಂದ ತುಂಬಿಸಬಹುದು. ಆಮೇಲೆ ನಕಲನ್ನು ಓದಲು ಮಾತ್ರ ಎಂಬಂತೆ ತೆರೆದು, ಗ್ರೆಪ್ ಆಜ್ಞೆಯಿಂದ ಆ ಪದ ಯಾವ ಯಾವ ಫೈಲಿನಲ್ಲಿದೆ ಎಂದು ಹುಡುಕಿದರೆ ಹಾನಿಯ ಪಟ್ಟಿ ಕೈಗೆ ಬರುತ್ತದೆ. ಪಟ್ಟಿಯಲ್ಲಿ ಇಲ್ಲದ ಫೈಲುಗಳು ಬಹುಮಟ್ಟಿಗೆ ಸುರಕ್ಷಿತ.

ನಕಲು ಕೈಗೆ ಬಂದ ಮೇಲೆ ಧೈರ್ಯವಾಗಿ ಪ್ರಯೋಗ ಮಾಡಬಹುದು. ನ್ಯಾಯಾಲಯಕ್ಕೆ ಸಾಕ್ಷ್ಯ ಒದಗಿಸುವ ವಿಧಿವಿಜ್ಞಾನ ತಜ್ಞರೂ ಮೂಲವನ್ನು ಮುಟ್ಟದೆ ನಕಲಿನ ಮೇಲೇ ಕೆಲಸ ಮಾಡುತ್ತಾರೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ನಿನ ಪ್ರಮಾಣಪತ್ರದಲ್ಲಿ ಎಲೆಕ್ಟ್ರಾನಿಕ್ ದಾಖಲೆಯ ಹ್ಯಾಶ್ ಮೌಲ್ಯವನ್ನು, ಅಂದರೆ ದಾಖಲೆ ಬದಲಾಗಿಲ್ಲ ಎಂದು ತೋರಿಸುವ ಗುರುತನ್ನು, ನಮೂದಿಸಬೇಕು. ಮನೆಯ ಕೆಲಸದಲ್ಲಿ ಅಷ್ಟೆಲ್ಲ ಬೇಕಿಲ್ಲ, ನಕಲಿನದೇ ಇನ್ನೊಂದು ನಕಲಿದ್ದರೆ ಸಾಕು. ಡಿಸ್ಕಿನ ವಿಭಾಗಗಳ (ಪಾರ್ಟಿಶನ್) ಪಟ್ಟಿ ಹಾಳಾಗಿದ್ದರೆ ಕ್ರಿಸ್ತೋಫ್ ಗ್ರೆನಿಯೆ ಬರೆದ ಟೆಸ್ಟ್‌ಡಿಸ್ಕ್ ಅದನ್ನು ಹುಡುಕಿ ಕೊಡುತ್ತದೆ. ಫೈಲುಗಳ ಪಟ್ಟಿಯೇ ಅಳಿದಿದ್ದರೆ ಅವರದೇ ಫೋಟೊರೆಕ್ ಇದೆ. ಅದು ಪಟ್ಟಿಯನ್ನು ನಂಬದೆ ಪ್ರತಿ ಫೈಲಿನ ಹುಟ್ಟುಗುರುತನ್ನು ಹುಡುಕುತ್ತದೆ. ಜೆಪೆಗ್ ಚಿತ್ರವಾದರೆ ಎಫ್‌ಎಫ್ ಡಿ8 ಎಫ್‌ಎಫ್ ಎಂಬ ಮೂರು ಬೈಟುಗಳಿಂದ ಶುರುವಾಗುತ್ತದೆ. ಇಲ್ಲಿ ಫೈಲಿನ ಹೆಸರು ಸಿಗುವುದಿಲ್ಲ, ಬರೀ ಅಂಕಿಗಳು. ಮಗ್ಗದ ಡಿಸೈನು ಬಿಎಂಪಿ ಚಿತ್ರವಾಗಿದ್ದರೆ ಫೋಟೊರೆಕ್‌ಗೆ ಅದರ ಪರಿಚಯವಿದೆ. ಜಕಾರ್ಡ್ ಯಂತ್ರದ ಸ್ವಂತ ಬಗೆಯ ಫೈಲಾಗಿದ್ದರೆ, ಚೆನ್ನಾಗಿರುವ ನಾಲ್ಕಾರು ಹಳೆಯ ಫೈಲುಗಳ ಮೊದಲ ಬೈಟುಗಳನ್ನು ಹೋಲಿಸಿ ಎಲ್ಲದರಲ್ಲೂ ಸಮಾನವಾಗಿರುವ ಗುರುತನ್ನು ಅದಕ್ಕೆ ಕಲಿಸಿಕೊಡಲು ಅವಕಾಶವಿದೆ. ನೇಕಾರರ ಪಾಲಿಗೆ ಇದು ದೊಡ್ಡ ಆಸರೆ, ಹೆಚ್ಚು ಜನಕ್ಕೆ ತಿಳಿದಿಲ್ಲ.

ಕನ್ನಡದ ಫೈಲುಗಳದ್ದು ಇನ್ನೊಂದು ತೊಡಕು. ಎಷ್ಟೋ ಸಲ ಫೈಲು ಪೂರ್ತಿ ಸರಿಯಾಗಿ ಬಂದಿರುತ್ತದೆ, ತೆರೆದರೆ ರೋಮನ್ ಅಕ್ಷರಗಳೂ ವಿಚಿತ್ರ ಚಿಹ್ನೆಗಳೂ ಬೆರೆತ ಗೊಜ್ಜು ಕಾಣುತ್ತದೆ. ಡೇಟಾ ಹಾಳಾಯಿತೆಂದು ಜನ ಬಿಸಾಡಿಬಿಡುತ್ತಾರೆ. ನುಡಿ, ಬರಹ, ಶ್ರೀಲಿಪಿಗಳ ಹಳೆಯ ಫಾಂಟುಗಳಲ್ಲಿ ಟೈಪಿಸಿದ ಪಠ್ಯ ಹಾಗೆಯೇ ಇರುವುದು. ಆ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸಂಕೇತದ ಮೇಲೆ ಕನ್ನಡದ ಚಿತ್ರಗಳನ್ನು ಕೂರಿಸಿದ್ದವು. ಅದೇ ಫಾಂಟು ಹಾಕಿದರೆ ಅಥವಾ ಯೂನಿಕೋಡ್‌ಗೆ ಪರಿವರ್ತಿಸಿದರೆ ಪಠ್ಯ ಎದ್ದು ಬರುತ್ತದೆ. ಕನ್ನಡದ ಸ್ವಯಂಸೇವಕರು ಮಾಡಿದ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಯೂನಿಕೋಡಿನಲ್ಲಿ ಬರೆದ ಸರಳ ಪಠ್ಯವಾದರೆ ಕೆಲಸ ಇನ್ನೂ ಹಗುರ. ಯುಟಿಎಫ್-8 ರೂಪದಲ್ಲಿ ಕನ್ನಡದ ಪ್ರತಿ ಮೂಲಾಕ್ಷರಕ್ಕೂ ಸ್ವರಚಿಹ್ನೆಗೂ ಮೂರು ಬೈಟು, ಮೊದಲ ಎರಡು ಯಾವಾಗಲೂ ಇ0 ಬಿ2 ಅಥವಾ ಇ0 ಬಿ3. ‘ಕ’ ಎಂದರೆ ಇ0 ಬಿ2 95. ಹೆಸರು ದಿಕ್ಕಿಲ್ಲದ ಸಾವಿರಾರು ಪಠ್ಯ ಫೈಲುಗಳ ರಾಶಿಯಲ್ಲಿ ಈ ಜೋಡಿಯನ್ನು ಹುಡುಕಿದರೆ ಕನ್ನಡದವು ಬೇರೆಯಾಗಿ ನಿಲ್ಲುತ್ತವೆ. ವರ್ಡ್‌ನ ಡಾಕ್ಸ್ ಫೈಲುಗಳು ಒತ್ತಿ ಕಟ್ಟಿದ ಗಂಟುಗಳಾದ್ದರಿಂದ ಅವುಗಳನ್ನು ಬಿಚ್ಚಿ ಹುಡುಕಬೇಕು.

ಲಿನಕ್ಸಿನ ಕೈಲಾಗದ ಜಾಗವೂ ಇದೆ. ಡಿಸ್ಕು ಟಕ್ ಟಕ್ ಎಂದು ಬಡಿಯುತ್ತಿದ್ದರೆ, ಕರಕರ ಕೆರೆಯುವ ಸದ್ದು ಬಂದರೆ, ಮಳೆನೀರಿನಲ್ಲಿ ನೆನೆದಿದ್ದರೆ ಆನ್ ಮಾಡಲೇಬಾರದು. ಫ್ರಿಜ್ಜಿನಲ್ಲಿಟ್ಟು ತಣ್ಣಗೆ ಮಾಡುವ ಉಪಾಯ ತೇವವನ್ನು ಒಳಗೆ ಕರೆದಂತೆ. ಅದೇ ಮಾಡೆಲ್ಲಿನ ಇನ್ನೊಂದು ಡಿಸ್ಕಿನ ಬೋರ್ಡು ತಂದು ಹಾಕುವುದೂ ಈಗ ನಡೆಯದು, ಏಕೆಂದರೆ ಬೋರ್ಡಿನ ಚಿಪ್ಪಿನಲ್ಲಿ ಆ ಒಂದು ಡಿಸ್ಕಿಗೇ ಹೊಂದಿಸಿದ ಮಾಹಿತಿ ಇರುತ್ತದೆ. ದೂಳಿಲ್ಲದ ಕೋಣೆಯಲ್ಲಿ ಹೆಡ್ಡು ಬದಲಿಸುವ ತಜ್ಞರ ಬಳಿ ಹೋಗಬೇಕು. ಅಂಥವರ ಕೈಯಿಂದ ಏನಾಗಬಹುದು ಎಂಬುದಕ್ಕೆ ಕೊಲಂಬಿಯಾ ಬಾಹ್ಯಾಕಾಶ ನೌಕೆಯ ಡಿಸ್ಕು ಸಾಕ್ಷಿ. 2003ರ ಫೆಬ್ರುವರಿ 1ರಂದು ಕಲ್ಪನಾ ಚಾವ್ಲಾ ಸೇರಿ ಏಳು ಮಂದಿಯೊಡನೆ ಆ ನೌಕೆ ಆಕಾಶದಲ್ಲೇ ಒಡೆದುಹೋಯಿತು. ಕ್ಸೆನಾನ್ ಅನಿಲದ ಸ್ನಿಗ್ಧತೆ ಕುರಿತ ಪ್ರಯೋಗದ ದತ್ತಾಂಶವಿದ್ದ ಡಿಸ್ಕು ತಿಂಗಳುಗಳ ಬಳಿಕ ಟೆಕ್ಸಾಸ್‌ನ ಒಣಗಿದ ಕೆರೆಯಂಗಳದಲ್ಲಿ ಸುಟ್ಟು ಕರಕಲಾಗಿ ಸಿಕ್ಕಿತು. ಕ್ರೋಲ್ ಆನ್‌ಟ್ರ್ಯಾಕ್ ಕಂಪನಿಯ ತಜ್ಞರು ತಟ್ಟೆಗಳನ್ನು ತೊಳೆದು ಹೊಸ ಡಿಸ್ಕಿನೊಳಗೆ ಕೂರಿಸಿ ಶೇ 99ರಷ್ಟು ಹೊರತೆಗೆದರು. ಡಿಸ್ಕು ಅರ್ಧ ಮಾತ್ರ ತುಂಬಿತ್ತು, ಹಳೆಯ ಡಾಸ್ ವ್ಯವಸ್ಥೆ ಮಾಹಿತಿಯನ್ನು ಚದುರಿಸದೆ ಒಂದೆಡೆ ಇಟ್ಟಿತ್ತು, ಗಾಯವಾದದ್ದು ಖಾಲಿ ಭಾಗಕ್ಕೆ. ಪ್ರಯೋಗದ ಫಲಿತಾಂಶ 2008ರಲ್ಲಿ ಫಿಸಿಕಲ್ ರಿವ್ಯೂ ಇ ಪತ್ರಿಕೆಯಲ್ಲಿ ಪ್ರಕಟವಾಯಿತು.

ತಿರುಗುವ ತಟ್ಟೆಗಳಿಲ್ಲದ ಎಸ್‌ಎಸ್‌ಡಿಗಳ ಸ್ವಭಾವ ಬೇರೆ. ಅವು ಬಹಳ ಸಲ ಸದ್ದಿಲ್ಲದೆ ಒಂದೇ ಏಟಿಗೆ ಕಾಣೆಯಾಗುತ್ತವೆ. ಅಳಿಸಿದ ಫೈಲಿನ ಜಾಗವನ್ನು ಟ್ರಿಮ್ ಎಂಬ ಆಜ್ಞೆ ಒಳಗೊಳಗೇ ಖಾಲಿ ಮಾಡಿಬಿಟ್ಟಿರುತ್ತದೆ. ಇನ್ನು ಹೊಸ ವಿಂಡೋಸ್ ಲ್ಯಾಪ್‌ಟಾಪುಗಳಲ್ಲಿ ಬಿಟ್‌ಲಾಕರ್ ಬೀಗ ಕೊಂಡವರಿಗೇ ತಿಳಿಯದಂತೆ ಬಿದ್ದಿರಬಹುದು. ಆಗ ಪ್ರತಿ ಸೆಕ್ಟರನ್ನೂ ನಕಲಿಸಿದರೂ 48 ಅಂಕಿಗಳ ರಿಕವರಿ ಕೀ ಇಲ್ಲದೆ ಒಂದು ಅಕ್ಷರವೂ ಓದಲು ಬಾರದು. ಆ ಅಂಕಿಗಳನ್ನು ಇವತ್ತೇ ಕಾಗದದ ಮೇಲೆ ಬರೆದು ಬೀರುವಿನಲ್ಲಿಡುವುದು ಐದು ನಿಮಿಷದ ಕೆಲಸ.

ಎಲ್ಲ ಮುಗಿದ ಮೇಲೆ ಕೆಟ್ಟ ಡಿಸ್ಕನ್ನು ತಕ್ಷಣ ಎಸೆಯಬಾರದು. ನಕಲಿನ ಫೈಲುಗಳನ್ನೆಲ್ಲ ತೆರೆದು ನೋಡುವವರೆಗೆ ಕಪಾಟಿನಲ್ಲಿರಲಿ. ಆಮೇಲೂ ಗುಜರಿಗೆ ಹಾಕುವಂತಿಲ್ಲ. ಬದಲಾಯಿಸಿಟ್ಟ ಕೆಟ್ಟ ಸೆಕ್ಟರುಗಳ ಮೇಲೆ ಸಾಮಾನ್ಯ ಅಳಿಸುವ ತಂತ್ರಾಂಶದ ಕೈ ತಲುಪುವುದಿಲ್ಲ, ಸಂಬಳದ ಪಟ್ಟಿಯ ಚೂರುಗಳು ಅಲ್ಲೇ ಉಳಿದಿರಬಹುದು. ಹಾಗಾಗಿ ಡ್ರಿಲ್ ಹಿಡಿದು ತಟ್ಟೆಗಳ ಮೂಲಕ ನಾಲ್ಕೈದು ತೂತು ಕೊರೆಯಬೇಕು. ಲ್ಯಾಪ್‌ಟಾಪಿನ ಡಿಸ್ಕಿನ ತಟ್ಟೆ ಬಹುಮಟ್ಟಿಗೆ ಗಾಜಿನದು, ಚೂರಾಗಿ ಸಿಡಿಯುತ್ತದೆ, ಕಣ್ಣಿಗೆ ಕನ್ನಡಕ ಇರಲಿ. ಉಳಿದ ಅಲ್ಯೂಮಿನಿಯಂ, ನಿಯೋಡಿಮಿಯಂ ಆಯಸ್ಕಾಂತ, ತಾಮ್ರ ಮರುಬಳಕೆಗೆ ಬರುವಂಥವು. ಬಾಶೆಟ್ಟಿಹಳ್ಳಿಯವರು ಅದಕ್ಕೆ ದೂರ ಹೋಗಬೇಕಿಲ್ಲ: ದೊಡ್ಡಬಳ್ಳಾಪುರದಿಂದ ರಾಷ್ಟ್ರೀಯ ಹೆದ್ದಾರಿ 648ರಲ್ಲಿ ಪಶ್ಚಿಮಕ್ಕೆ ಹೋದರೆ ನೆಲಮಂಗಲ ತಾಲ್ಲೂಕಿನ ದಾಬಸ್‌ಪೇಟೆ ಕೈಗಾರಿಕಾ ಪ್ರದೇಶ, ಅಲ್ಲಿದೆ ದೇಶದಲ್ಲಿ ಸರ್ಕಾರದ ಅನುಮತಿ ಪಡೆದ ಮೊದಲ ಇ-ತ್ಯಾಜ್ಯ ಮರುಬಳಕೆ ಘಟಕ, ಇ-ಪರಿಸರ.